ಟೋಕಿಯೋದಲ್ಲಿ ಹಳೇ ವಿಡಿಯೋ ಗೇಮ್: ಎಲ್ಲಿ ಆಡಬೇಕು, ಏನು ಕೊಳ್ಳಬೇಕು, ಮನೆಗೆ ತಂದು ಹೇಗೆ ಓಡಿಸಬೇಕು

90ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಬೆಳೆದವರಿಗೆ ವಿಡಿಯೋ ಗೇಮ್ ಅಂದರೆ ಎರಡು ಥರ. ಒಂದು, ಮನೆ ಟಿವಿಗೆ ಸಿಕ್ಕಿಸಿ, ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಟಿವಿ ಗೇಮ್. ಇನ್ನೊಂದು, ಪಾರ್ಲರ್‌ನಲ್ಲಿ ಕಾಯಿನ್ ಹಾಕಿ ಆಡುತ್ತಿದ್ದ ದೊಡ್ಡ ಮಷೀನು. ಮಾರಿಯೋ, ಕಾಂಟ್ರಾ, ಗನ್ ಹಿಡಿದು ಬಾತುಕೋಳಿ ಹೊಡೆಯುವ ಆಟ, ಇವೆಲ್ಲ ಮನೆಯಲ್ಲಿ. ಸ್ಟ್ರೀಟ್ ಫೈಟರ್, ಮೆಟಲ್ ಸ್ಲಗ್, ಎಲ್ಲರೂ ‘ಮುಸ್ತಫಾ’ ಅಂತಲೇ ಕರೆಯುತ್ತಿದ್ದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’, ಇವು ಪಾರ್ಲರ್‌ನಲ್ಲಿ. ಇಷ್ಟೂ ಆಟ ಜಪಾನಿನವು. ಮಾರಿಯೋ ನಿಂಟೆಂಡೋದ್ದು, ಕಾಂಟ್ರಾ ಕೊನಾಮಿಯದ್ದು, ಸ್ಟ್ರೀಟ್ ಫೈಟರ್ ಮತ್ತು ಮುಸ್ತಫಾ ಎರಡೂ ಕ್ಯಾಪ್‌ಕಾಮ್‌ನವು.

ನಮ್ಮೂರಿನ ಪಾರ್ಲರ್‌ಗಳು ಮುಚ್ಚಿ ಎಷ್ಟೋ ವರ್ಷ ಆಯಿತು. ಟೋಕಿಯೋದಲ್ಲಿ ಈ ಮಷೀನುಗಳು ಈಗಲೂ ಓಡುತ್ತಿವೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಕಾಸು ಹಾಕಿದರೆ ಆಡಬಹುದು. ಕೆಲಸಕ್ಕೆಂದು ಅಲ್ಲಿಗೆ ಹೋದವರಿಗೆ, ಪ್ರವಾಸದಲ್ಲಿ ಒಂದೆರಡು ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ ಈ ಲೇಖನ.

ಶುರುವಿನಲ್ಲೇ ಒಂದು ಮಾತು. ಹೋದವರಲ್ಲಿ ಹೆಚ್ಚಿನವರು ಎಲೆಕ್ಟ್ರಾನಿಕ್ಸ್, ಗೇಮ್ ಅಂಗಡಿಗಳಿಗೆ ಹೆಸರಾದ ಅಕಿಹಬಾರಾದಲ್ಲಿ ಎರಡು ಅಂಗಡಿ ಸುತ್ತಿ, ಫೋಟೋ ತೆಗೆದು, ಒಂದು ಕ್ಯಾಸೆಟ್ ಕೊಂಡು ವಾಪಸ್ ಬರುತ್ತಾರೆ. ಆಡುವುದೇ ಇಲ್ಲ. ಕ್ಯಾಸೆಟ್ ಇವತ್ತಲ್ಲ ನಾಳೆ ಇಂಟರ್ನೆಟ್‌ನಲ್ಲೂ ಸಿಗುತ್ತದೆ. ಒಳ್ಳೆ ಸ್ಥಿತಿಯಲ್ಲಿರುವ ಹಳೇ ಮಷೀನಿನ ಮುಂದೆ ಕೂತು, ಪಕ್ಕದಲ್ಲಿ ಆ ಆಟವನ್ನು ಮೂವತ್ತು ವರ್ಷದಿಂದ ಆಡುತ್ತಿರುವವರನ್ನು ನೋಡುತ್ತಾ ಆಡುವ ಅವಕಾಶ ಹಾಗಲ್ಲ. ಹಾಗಾಗಿ ಮೊದಲು ಆಟ, ಆಮೇಲೆ ಖರೀದಿ.

ದಾರಿ ಮತ್ತು ಚಿಲ್ಲರೆ

ಟೋಕಿಯೋದಲ್ಲಿ ಭಾರತೀಯರು ಜಾಸ್ತಿ ಇರುವ ಕಡೆ ಅಂದರೆ ನಿಶಿಕಸಾಯ್. ಅಲ್ಲೇ ಉಳಿದುಕೊಂಡಿದ್ದರೆ ನಿಮಗೊಂದು ಅನುಕೂಲ ಇದೆ. ನಿಶಿಕಸಾಯ್ ಮೂಲಕ ಹೋಗುವ ಟೋಜಾಯ್ ಲೈನ್ ಮೆಟ್ರೋ ನೇರವಾಗಿ ತಕದನೊಬಾಬಾಗೆ ಹೋಗುತ್ತದೆ. ಅದೇ ಲೈನಿನ ಕೊನೇ ಸ್ಟೇಷನ್ ನಕಾನೊ. ಹಳೇ ಗೇಮ್ ಆಡಲು ಮತ್ತು ಕೊಳ್ಳಲು ಟೋಕಿಯೋದಲ್ಲಿ ಮುಖ್ಯವಾದ ಮೂರು ಜಾಗದಲ್ಲಿ ಎರಡು ಇವೇ. ಮೂರನೆಯದು ಅಕಿಹಬಾರಾ. ಅಲ್ಲಿಗೆ ಹೋಗಲು ಕಯಾಬಾಚೊದಲ್ಲಿ ಇಳಿದು ಹಿಬಿಯಾ ಲೈನ್ ಹಿಡಿದರೆ ಮೂರನೇ ಸ್ಟಾಪು. ಬೇರೆ ಕಡೆ ಉಳಿದವರಿಗೂ ಕಷ್ಟ ಇಲ್ಲ. ಅಕಿಹಬಾರಾ ಮತ್ತು ತಕದನೊಬಾಬಾ ಎರಡೂ ಜೆಆರ್ (ಜಪಾನ್ ರೈಲ್ವೆ) ಯಾಮಾನೋತೆ ಲೈನ್ ಮೇಲೆಯೇ ಇವೆ. ನಕಾನೊಗೆ ಶಿಂಜುಕುವಿನಿಂದ ಜೆಆರ್ ಚೂಓ ಲೈನ್‌ನಲ್ಲಿ ಐದು ನಿಮಿಷ.

ಮೂರನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಕಾಲು ಸೋಲುತ್ತದೆ, ಅದಕ್ಕಿಂತ ಹೆಚ್ಚಾಗಿ ಗಮನ ಸೋಲುತ್ತದೆ. ಒಂದು ದಿನ ಅಕಿಹಬಾರಾ. ಇನ್ನೊಂದು ದಿನ ಮಧ್ಯಾಹ್ನ ನಕಾನೊ, ಅಲ್ಲಿಂದ ವಾಪಸ್ ಬರುವಾಗ ಸಂಜೆ ತಕದನೊಬಾಬಾ. ಬೆಳಗ್ಗೆ ಬೇಗ ಹೊರಟು ಪ್ರಯೋಜನ ಇಲ್ಲ. ನಕಾನೊದ ಅಂಗಡಿಗಳು ಬಾಗಿಲು ತೆರೆಯುವುದೇ ಹನ್ನೆರಡರ ಹೊತ್ತಿಗೆ. ಬುಧವಾರ ಅಲ್ಲಿ ಸುಮಾರು ಅಂಗಡಿಗಳಿಗೆ ರಜೆ ಇರುತ್ತದೆ, ಆ ದಿನ ಬಿಟ್ಟುಬಿಡಿ.

ಆಮೇಲೆ ಚಿಲ್ಲರೆ. ಹಳೇ ಮಷೀನುಗಳು ಹೆಚ್ಚಾಗಿ ತಿನ್ನುವುದು 100 ಯೆನ್ ನಾಣ್ಯ. ಪ್ರತಿ ಗೇಮ್ ಸೆಂಟರ್‌ನಲ್ಲೂ (ಪಾರ್ಲರ್‌ಗೆ ಅಲ್ಲಿನ ಹೆಸರು) ಚಿಲ್ಲರೆ ಕೊಡುವ ಯಂತ್ರ ಇರುತ್ತದೆ. 1,000 ಯೆನ್ ನೋಟು ಹಾಕಿದರೆ ಹತ್ತು ನಾಣ್ಯ ಬೀಳುತ್ತವೆ. ಆದರೆ 2021ರಲ್ಲಿ ಬಂದ ಹೊಸ 500 ಯೆನ್ ನಾಣ್ಯವನ್ನೂ 2024ರಲ್ಲಿ ಬಂದ ಹೊಸ ನೋಟುಗಳನ್ನೂ ಕೆಲವು ಹಳೇ ಯಂತ್ರಗಳು ತೆಗೆದುಕೊಳ್ಳುವುದಿಲ್ಲ. ಹಿಂದಿನ ದಿನವೇ ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ಏನಾದರೂ ಕೊಂಡಾಗ ಸಿಗುವ ನೂರರ ನಾಣ್ಯಗಳನ್ನು ಒಂದು ಪರ್ಸ್‌ನಲ್ಲಿ ಬೇರೆ ಇಟ್ಟುಕೊಳ್ಳಿ. ಒಬ್ಬರಿಗೆ ಒಂದು ಸಂಜೆಗೆ 1,500 ಯೆನ್ ಧಾರಾಳವಾಗಿ ಸಾಕು.

ಅಕಿಹಬಾರಾ: ಮೊದಲು ‘ಹೇ’ಯ ಎರಡನೇ ಮಹಡಿ

ಅಕಿಹಬಾರಾ ಜೆಆರ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟೌನ್ ಎಂಬ ಗೇಟಿನಿಂದ ಹೊರಗೆ ಬಂದು ದೊಡ್ಡ ರಸ್ತೆ ಸೇರಿ. ಅದೇ ಚೂಓ-ದೋರಿ. ಭಾನುವಾರ ಮಧ್ಯಾಹ್ನ ಒಂದು ಗಂಟೆಯಿಂದ ಸಂಜೆವರೆಗೆ ಈ ರಸ್ತೆಗೆ ಗಾಡಿ ಬಿಡುವುದಿಲ್ಲ, ನಡುರಸ್ತೆಯಲ್ಲೇ ಓಡಾಡಬಹುದು. ಆದರೆ ಜನ ಅಷ್ಟೇ ಜಾಸ್ತಿ. ಆಡುವ ಉದ್ದೇಶ ಇದ್ದರೆ ವಾರದ ಮಧ್ಯದ ದಿನವೇ ಒಳ್ಳೆಯದು.

ಈ ರಸ್ತೆಯಲ್ಲೇ ಟೈಟೋ ಕಂಪನಿಯ ‘ಹೇ’ ಇದೆ. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಮಾಡಿದ ಕಂಪನಿ ಇದೇ ಟೈಟೋ. ಕೆಳಗೆ ಗೊಂಬೆ ಹಿಡಿಯುವ ಕ್ರೇನ್ ಮಷೀನುಗಳು ಥಳಥಳ ಅನ್ನುತ್ತಿರುತ್ತವೆ. ಅಲ್ಲಿ ನಿಲ್ಲಬೇಡಿ. ಸೀದಾ ಎರಡನೇ ಮಹಡಿಗೆ ಹೋಗಿ. ವಿಮಾನ, ರಾಕೆಟ್ ನಡೆಸಿ ಗುಂಡು ಹಾರಿಸುವ ಶೂಟಿಂಗ್ ಆಟಗಳಿಗೆ ಈ ಮಹಡಿ ಜಪಾನಿನಲ್ಲೇ ಹೆಸರುವಾಸಿ. ಸಾಲು ಸಾಲಾಗಿ ಬಿಳಿ ಮಷೀನುಗಳು, ಮುಂದೆ ಕೂರಲು ಸಣ್ಣ ಸ್ಟೂಲು. ನಮ್ಮ ಪಾರ್ಲರ್‌ಗಳಲ್ಲಿ ನಿಂತು ಆಡಿ ಅಭ್ಯಾಸ ಇದ್ದವರಿಗೆ ಕೂತು ಆಡುವುದು ಮೊದಲು ಸ್ವಲ್ಪ ಬೇರೆ ಅನ್ನಿಸುತ್ತದೆ. ಐದು ನಿಮಿಷದಲ್ಲಿ ಒಗ್ಗುತ್ತದೆ.

ಇಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಪರದೆ ತುಂಬಾ ಗುಲಾಬಿ, ನೀಲಿ ಗುಂಡುಗಳು ಮಳೆಯಂತೆ ಸುರಿಯುತ್ತಿರುತ್ತವೆ. ಆಡುವವರ ಎಡಗೈ ಮಾತ್ರ ಅಲುಗುತ್ತಿರುತ್ತದೆ, ಅದೂ ಬೆರಳಂಚಿನಷ್ಟು. ಸ್ಟಿಕ್ಕಿನ ತುದಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಕೆಳಗಿನಿಂದ ಉಂಗುರ ಬೆರಳು ಮತ್ತು ಕಿರುಬೆರಳಿನ ಮಧ್ಯೆ ಕಡ್ಡಿಯನ್ನು ತೂರಿಸಿ, ಗುಂಡಿಯನ್ನು ಅಂಗೈಯಲ್ಲಿ ಹಗುರವಾಗಿ ಇಟ್ಟುಕೊಂಡಿರುತ್ತಾರೆ. ಆ ಹಿಡಿತವನ್ನು ನೋಡಿಕೊಂಡು ನಿಮ್ಮ ಸರದಿಯಲ್ಲಿ ಮಾಡಿ ನೋಡಿ. ಜಪಾನಿನ ಸ್ಟಿಕ್ ತುಂಬಾ ಮೃದು. ಬಲ ಹಾಕಿ ಎಳೆದಾಡಿದರೆ ನಿಮ್ಮ ವಿಮಾನವೇ ಗುಂಡಿನ ಮೇಲೆ ಹೋಗಿ ಬೀಳುತ್ತದೆ.

ಯಾವ ಆಟದಿಂದ ಶುರು ಮಾಡಬೇಕು? ಜಪಾನಿ ಓದಲು ಬಾರದವರಿಗೆ ಶೂಟಿಂಗ್, ಓಡಿ ಹೊಡೆಯುವ ಆಟ, ಕುಸ್ತಿ ಆಟ ಸುಲಭ. ಒಂದಕ್ಷರ ಓದದೆ ಆಡಬಹುದು. ಗುಂಡು ಸುರಿಯುವ ಹೊಸ ಕಾಲದ ಶೂಟಿಂಗ್‌ಗಿಂತ 80ರ ದಶಕದವನ್ನು ಮೊದಲು ಹುಡುಕಿ. ಕೊನಾಮಿಯ ಗ್ರಾಡಿಯಸ್ 1985ರದು, ಟೈಟೋದ ಡೇರಿಯಸ್ ಅದಾದ ಒಂದೆರಡು ವರ್ಷದಲ್ಲಿ ಬಂದದ್ದು. ಸೈನಿಕ ಆಟಗಳ ನೆನಪು ಇದ್ದವರಿಗೆ 1996ರ ಮೆಟಲ್ ಸ್ಲಗ್ ಕಂಡರೆ ಬಿಡಬೇಡಿ. ಯಾವ ಆಟ ಯಾವಾಗ ಇರುತ್ತದೆ ಅಂತ ಮೊದಲೇ ಹೇಳಲಾಗದು. ಅದಕ್ಕೆ ಕಾರಣ ಇದೆ. 80ರ ದಶಕದ ಮಧ್ಯದಲ್ಲಿ ಜಪಾನಿನ ಕಂಪನಿಗಳು ‘ಜಾಮಾ’ ಎಂಬ ಒಂದೇ ಅಳತೆಯ ಕನೆಕ್ಟರ್ ಒಪ್ಪಿಕೊಂಡವು. ಅಂದಿನಿಂದ ಮಷೀನಿನ ಪೆಟ್ಟಿಗೆ ಒಂದೇ, ಒಳಗಿನ ಬೋರ್ಡ್ ಬದಲಿಸಿದರೆ ಆಟ ಬೇರೆ. ಹಾಗಾಗಿ ಅಂಗಡಿಯವರು ಬೇಕೆಂದಾಗ ಆಟ ಬದಲಿಸುತ್ತಾ ಇರುತ್ತಾರೆ. ಒಮ್ಮೆ ನೋಡಿದ ಜಾಗಕ್ಕೆ ಮತ್ತೆ ಹೋಗುವುದು ದಂಡವಲ್ಲ.

ಅಕಿಹಬಾರಾದಲ್ಲೇ ‘ನಾಟ್ಸುಗೇ ಮ್ಯೂಸಿಯಂ’ ಎಂಬ ಚಿಕ್ಕ ಗೇಮ್ ಸೆಂಟರ್ ಕೂಡ ಇದೆ. ಹೆಸರಿನಲ್ಲಿ ಮ್ಯೂಸಿಯಂ ಇದ್ದರೂ ಇಲ್ಲೂ ಕಾಸು ಹಾಕಿ ಆಡುವುದೇ. ವಾರವಿಡೀ ತೆರೆದಿರುವುದಿಲ್ಲ, ಶನಿವಾರ ಭಾನುವಾರ ನೋಡಿಕೊಂಡು ಹೋಗಿ.

ಮಷೀನಿನ ಮುಂದೆ ನಡವಳಿಕೆ

ಸ್ಟ್ರೀಟ್ ಫೈಟರ್ ಥರದ ಕುಸ್ತಿ ಆಟಗಳಲ್ಲಿ ಒಂದು ವಿಷಯ ತಿಳಿದಿರಬೇಕು. ನಮ್ಮಲ್ಲಿ ಇಬ್ಬರೂ ಒಂದೇ ಮಷೀನಿಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು, ಅಲ್ವಾ? ಇಲ್ಲಿ ಎರಡು ಮಷೀನುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಇಟ್ಟಿರುತ್ತಾರೆ. ಎರಡಕ್ಕೂ ಒಂದೇ ಆಟ. ನಿಮ್ಮ ಎದುರಾಳಿ ಆಚೆ ಬದಿ ಕೂತಿರುತ್ತಾರೆ, ಮುಖ ಕಾಣುವುದಿಲ್ಲ. ಖಾಲಿ ಸ್ಟೂಲ್ ಕಂಡಿತು ಅಂತ ಕೂತು ಕಾಸು ಹಾಕಿದರೆ ಆಚೆಯವರಿಗೆ ಸವಾಲು ಹಾಕಿದಂತೆ. ಅವರು ಒಬ್ಬರೇ ಅಭ್ಯಾಸ ಮಾಡುತ್ತಿರಬಹುದು. ಸವಾಲು ಹಾಕುವುದು ತಪ್ಪಲ್ಲ, ಅದಕ್ಕೆಂದೇ ಇಟ್ಟಿರುವುದು. ಆದರೆ ಒಮ್ಮೆ ಆಚೆ ಬದಿಗೆ ಹೋಗಿ ಯಾರಿದ್ದಾರೆ, ಎಷ್ಟು ಚೆನ್ನಾಗಿ ಆಡುತ್ತಾರೆ ಅಂತ ನೋಡಿ ಬಂದರೆ ನಿಮಗೇ ಒಳ್ಳೆಯದು. ಸೋತರೆ ಎದ್ದು ಹೋಗುವುದು ರೂಢಿ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಮೇಲಿಂದ ಮೇಲೆ ಕಾಸು ಹಾಕಿ ಕೂರುವುದನ್ನು ಇಲ್ಲಿ ಯಾರೂ ಇಷ್ಟಪಡುವುದಿಲ್ಲ.

ಆಡುವವರ ಪರದೆಯನ್ನು ಕೇಳದೆ ವಿಡಿಯೋ ಮಾಡಬೇಡಿ. ಸುಮಾರು ಕಡೆ ಬೋರ್ಡ್ ಹಾಕಿ ಫೋಟೋ ಬೇಡ ಅಂದಿರುತ್ತಾರೆ. ಗುಂಡಿ ಅಂಟಿಕೊಂಡಿದ್ದರೆ, ಸ್ಟಿಕ್ ಒಂದು ಕಡೆ ತಿರುಗದಿದ್ದರೆ, ಕಾಸು ನುಂಗಿಬಿಟ್ಟರೆ ಸಿಬ್ಬಂದಿಗೆ ಹೇಳಿ. ಬಂದು ನೋಡುತ್ತಾರೆ, ಕೆಟ್ಟಿದ್ದರೆ ಸರಿ ಮಾಡುತ್ತಾರೆ. ಮಷೀನಿಗೆ ಹೊಡೆಯುವ ನಮ್ಮ ಹಳೇ ಅಭ್ಯಾಸ ಮಾತ್ರ ಬೇಡವೇ ಬೇಡ. ಈ ಟ್ಯೂಬ್ ಪರದೆಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಒಂದು ಹೋದರೆ ಇನ್ನೊಂದು ಹಳೇ ಮಷೀನಿನಿಂದ ಕಿತ್ತು ತರಬೇಕು.

ತಕದನೊಬಾಬಾ: ಮಿಕಾಡೋದಲ್ಲಿ ಒಂದು ಸಂಜೆ

ಟೋಕಿಯೋದಲ್ಲಿ ಒಂದೇ ಒಂದು ಜಾಗಕ್ಕೆ ಹೋಗಲು ಸಮಯ ಇದೆ ಅಂದರೆ ನಾನು ಹೇಳುವುದು ಗೇಮ್ ಸೆಂಟರ್ ಮಿಕಾಡೋ. ಸ್ಟೇಷನ್ನಿಂದ ಕೆಲವೇ ನಿಮಿಷದ ನಡಿಗೆ. ವಾಸೆದಾ ವಿಶ್ವವಿದ್ಯಾಲಯದ ಹುಡುಗರು ಓಡಾಡುವ ಬಡಾವಣೆ, ಕಮ್ಮಿ ದುಡ್ಡಿಗೆ ರಾಮೆನ್ ಸಿಗುವ ಬೀದಿಗಳು. ಎರಡು ಮಹಡಿಯ ಅಂಗಡಿ. ಕ್ರೇನ್ ಮಷೀನಿಗಿಂತ ಹಳೇ ಆಟಗಳಿಗೇ ಇಲ್ಲಿ ಮೊದಲ ಮಣೆ.

ಮಿಕಾಡೋವನ್ನು ಬೇರೆ ಮಾಡಿ ತೋರಿಸುವುದು ಅಲ್ಲಿನ ಪಂದ್ಯಗಳು. ಇಪ್ಪತ್ತು ಮೂವತ್ತು ವರ್ಷ ಹಳೇ ಆಟಗಳಿಗೆ ಈಗಲೂ ಟೂರ್ನಮೆಂಟ್ ನಡೆಸುತ್ತಾರೆ. ಅದನ್ನು ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡುತ್ತಾರೆ, ಮೈಕ್ ಹಿಡಿದು ಕಾಮೆಂಟರಿ ಹೇಳುವವರೂ ಇರುತ್ತಾರೆ. ಹೋಗುವ ಮುಂಚೆ ಅವರ ಯೂಟ್ಯೂಬ್ ಚಾನೆಲ್‌ನಲ್ಲಿ ಒಂದೆರಡು ಪಂದ್ಯ ನೋಡಿಕೊಳ್ಳಿ. ಆಮೇಲೆ ಪಂದ್ಯ ಇರುವ ಸಂಜೆಗೇ ಹೋಗಿ. ಆಡದಿದ್ದರೂ ಪರವಾಗಿಲ್ಲ, ಹಿಂದೆ ನಿಂತು ನೋಡುವವರಿಗೂ ಜಾಗ ಇದೆ. ಆಫೀಸ್ ಮುಗಿಸಿ ಕೋಟು ಟೈ ಹಾಕಿಕೊಂಡೇ ಬಂದವರು, ಬ್ಯಾಗನ್ನು ಕಾಲ ಬಳಿ ಇಟ್ಟು, ಹದಿನೆಂಟರ ಹುಡುಗನಿಗೆ ಎದುರಾಗಿ ಕೂರುತ್ತಾರೆ. ಎಷ್ಟೋ ಸಲ ಗೆಲ್ಲುವುದು ಕೋಟಿನವರೇ.

ಇಲ್ಲಿ ನೂರು ಯೆನ್‌ನ ಲೆಕ್ಕ ಹೇಳಲೇಬೇಕು. 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಆಡಲು 100 ಯೆನ್ ಆಗುತ್ತಿತ್ತು. ಇವತ್ತೂ ಒಂದು ಆಟಕ್ಕೆ 100 ಯೆನ್. ಮಷೀನಿಗೆ ನಾಣ್ಯ ಹಾಕುವ ತೂತು ಒಂದೇ, 110 ಯೆನ್ ಕೇಳಲು ಆಗುವುದಿಲ್ಲ. ಜಪಾನಿನಲ್ಲಿ 1989ರಲ್ಲಿ 3% ಮಾರಾಟ ತೆರಿಗೆ ಬಂತು, 2019ರ ಹೊತ್ತಿಗೆ ಅದು 10% ಆಯಿತು. ಬಾಡಿಗೆ, ಕರೆಂಟು, ಸಂಬಳ ಎಲ್ಲ ಏರಿತು. ಏರಿದ ಅಷ್ಟೂ ಹೊರೆ ಆ ಒಂದೇ ನಾಣ್ಯದಿಂದ ಹೋಗಬೇಕು. 80ರ ದಶಕದ ಮಧ್ಯದಲ್ಲಿ ಜಪಾನಿನಲ್ಲಿ 26 ಸಾವಿರಕ್ಕೂ ಹೆಚ್ಚು ಗೇಮ್ ಸೆಂಟರ್ ಇದ್ದವು. 2019ಕ್ಕೆ ಅವು ನಾಲ್ಕು ಸಾವಿರದ ಆಸುಪಾಸಿಗೆ ಇಳಿದವು. ಮರುವರ್ಷ ಕೊರೊನಾ ಬಂತು. ಅಕಿಹಬಾರಾದಲ್ಲಿ ಸೆಗಾ ಎಂಬ ಗೇಮ್ ಕಂಪನಿಯ ಕಟ್ಟಡಗಳಲ್ಲಿ ಒಂದು 2020ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಸೆಗಾ ತನ್ನ ಗೇಮ್ ಸೆಂಟರ್‌ಗಳನ್ನೆಲ್ಲ ಮಾರಿತು, ಉಳಿದವು ಈಗ ‘ಗಿಗೊ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರಲ್ಲೇ ಮಿಕಾಡೋ ಜನರ ಹತ್ತಿರ ಕ್ರೌಡ್‌ಫಂಡಿಂಗ್ ಮೂಲಕ ಸಹಾಯ ಕೇಳಿತು. ಆಡುವವರು ಕೈಬಿಡಲಿಲ್ಲ, ಅಂಗಡಿ ಉಳಿಯಿತು.

ಇದಕ್ಕೇ ನಾನು ಆಡಿ, ಆಡಿ ಅಂತ ಹೇಳುತ್ತಿರುವುದು. ಫೋಟೋದಿಂದ ಈ ಅಂಗಡಿಗಳು ಉಳಿಯುವುದಿಲ್ಲ. ಹೋದವರು ಐದು ಆಟವಾದರೂ ಆಡಿ ಬರಬೇಕು.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ

ಟೋಕಿಯೋದಲ್ಲಿ 16 ವರ್ಷದೊಳಗಿನ ಮಕ್ಕಳು ಸಂಜೆ ಆರರ ಮೇಲೆ ದೊಡ್ಡವರಿಲ್ಲದೆ ಗೇಮ್ ಸೆಂಟರ್‌ನಲ್ಲಿ ಇರುವಂತಿಲ್ಲ. ರಾತ್ರಿ ಹತ್ತರ ಮೇಲೆ 18ರೊಳಗಿನ ಯಾರಿಗೂ ಪ್ರವೇಶ ಇಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ ಇಲ್ಲ.

ಚಿಕ್ಕ ಮಕ್ಕಳಿಗೆ ಮಿಕಾಡೋಗಿಂತ ಓದೈಬಾ ಒಳ್ಳೆಯದು. ಸಮುದ್ರದ ದಂಡೆಯ ಡೆಕ್ಸ್ ಟೋಕಿಯೋ ಬೀಚ್ ಮಾಲ್‌ನ ನಾಲ್ಕನೇ ಮಹಡಿಯಲ್ಲಿ ಹಳೇ ಕಾಲದ ಪೇಟೆ ಬೀದಿಯ ಥರ ಕಟ್ಟಿದ ‘ದಾಯ್ಬಾ ಇಚ್ಚೋಮೆ ಶೋಟೆಂಗಾಯ್’ ಇದೆ. ಅದರೊಳಗೆ ಹಳೇ ಆಟದ ಮಷೀನುಗಳಿವೆ, ಪಕ್ಕದಲ್ಲೇ ಮಿಠಾಯಿ ಅಂಗಡಿಗಳು. ಇನ್ನೂ ಹಳೆಯದು ಬೇಕು ಅನ್ನುವವರು ಇತಾಬಾಶಿಯ ‘ದಗಾಶಿಯಾ ಗೇಮ್ ಹಕುಬುತ್ಸುಕಾನ್’ಗೆ, ಅಂದರೆ ಮಿಠಾಯಿ ಅಂಗಡಿ ಆಟಗಳ ಮ್ಯೂಸಿಯಂಗೆ, ಹೋಗಬಹುದು. ಇಲ್ಲಿ ಪರದೆಯೇ ಇಲ್ಲದ ಆಟಗಳೂ ಇವೆ. ನಾಣ್ಯವನ್ನು ಸಣ್ಣ ಲಿವರ್‌ನಿಂದ ಚಿಮ್ಮಿಸಿ ತೂತಿಗೆ ಬೀಳದಂತೆ ಒಂದೊಂದೇ ಮಟ್ಟ ದಾಟಿಸಬೇಕು. ಗೆದ್ದರೆ ಸಿಗುವ ಬಿಲ್ಲೆಗೆ ಮಿಠಾಯಿ. ಮೊಬೈಲ್ ಆಟಕ್ಕೆ ಒಗ್ಗಿದ ಮಕ್ಕಳು ಇಲ್ಲಿಂದ ಏಳಲು ಒಪ್ಪುವುದಿಲ್ಲ.

ಕೊಳ್ಳುವ ದಿನ

ನಕಾನೊ ಸ್ಟೇಷನ್ನಿನ ಉತ್ತರ ಬಾಗಿಲಿನಿಂದ ಹೊರಬಂದರೆ ಎದುರಿಗೇ ಮಾಡು ಹಾಕಿದ ಉದ್ದನೆಯ ಅಂಗಡಿ ಬೀದಿ, ಸನ್ ಮಾಲ್. ಅದರ ತುದಿಯಲ್ಲಿ 1966ರಲ್ಲಿ ಶುರುವಾದ ನಕಾನೊ ಬ್ರಾಡ್‌ವೇ. ಇಲ್ಲಿ ಮಾಂದರಾಕೆ ಎಂಬ ಹಳೇ ಕಾಮಿಕ್ಸ್, ಗೊಂಬೆ, ಗೇಮ್ ಮಾರುವ ಸಂಸ್ಥೆ ಹಲವು ಮಳಿಗೆಗಳನ್ನು ಇಟ್ಟುಕೊಂಡಿದೆ. ಗೇಮ್‌ಗಳಿಗೆ ‘ಗ್ಯಾಲಕ್ಸಿ’ ಎಂಬ ಮಳಿಗೆ ಹುಡುಕಿ. ಅಕಿಹಬಾರಾದಲ್ಲಿ ಕೊಳ್ಳುವುದಾದರೆ ಎಲ್ಲರೂ ಹೇಳುವ ಹೆಸರು ಸೂಪರ್ ಪೊಟ್ಯಾಟೊ. ಒಳಹೊಕ್ಕು ನೋಡಲೇಬೇಕಾದ ಅಂಗಡಿ. ಮೂರನೇ ಮಹಡಿಯಿಂದ ಶುರುವಾಗಿ ಐದನೆಯದರಲ್ಲಿ ಸಣ್ಣ ಗೇಮ್ ಕೋಣೆ ಇದೆ. ಆದರೆ ಪ್ರವಾಸಿಗರು ಮೊದಲು ಬರುವುದೇ ಇಲ್ಲಿಗೆ. ಇಲ್ಲಿ ಬೆಲೆ ನೋಡಿಕೊಂಡು, ಅಲ್ಲೇ ಸುತ್ತಮುತ್ತ ಇರುವ ರೆಟ್ರೋ ಗೇಮ್ ಕ್ಯಾಂಪ್, ಟ್ರೇಡರ್, ಮಾಂದರಾಕೆ, ಬುಕ್ ಆಫ್‌ಗಳಲ್ಲಿ ಹೋಲಿಸಿ ನೋಡಿ. ಹಳೇ ಕಂಪ್ಯೂಟರ್, ಪಾರ್ಲರ್ ಮಷೀನಿನ ಬೋರ್ಡ್ ಬೇಕಾದವರಿಗೆ ನೆಲಮಾಳಿಗೆಯ ‘ಬೀಪ್’ ಇದೆ.

ಕಮ್ಮಿ ಬೆಲೆಗೆ ಬೇಕೆಂದರೆ ಹಾರ್ಡ್ ಆಫ್. ಇದು ದೇಶದಾದ್ಯಂತ ಇರುವ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಸರಣಿ. ಊರ ಅಂಚಿನ ಮಳಿಗೆಗಳಲ್ಲಿ ‘ಜಂಕು’ ಅಂತ ಬರೆದ ಡಬ್ಬಿಗಳಿರುತ್ತವೆ. ವೈರು, ರಿಮೋಟು, ಕ್ಯಾಸೆಟ್ಟು, ಕೆಟ್ಟ ಸೆಟ್ಟು ಎಲ್ಲ ಒಟ್ಟಿಗೆ. ಇಲ್ಲಿ ಕೊಂಡದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಗ್ಯಾರಂಟಿಯೂ ಇಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಗೊತ್ತಿರುವವರಿಗೆ ಇದು ಹಬ್ಬ. ಗೊತ್ತಿಲ್ಲದವರು ಕ್ಯಾಸೆಟ್ ಮಾತ್ರ ಆರಿಸಿಕೊಳ್ಳಿ, ಕ್ಯಾಸೆಟ್ ಕೆಡುವುದು ಕಮ್ಮಿ.

ಬೆಲೆ ಚೀಟಿಯನ್ನು ಫೋನಿನ ಕ್ಯಾಮೆರಾದಿಂದ ಅನುವಾದ ಮಾಡಿ ಓದಿ. ಮುಖ್ಯವಾಗಿ ನೋಡಬೇಕಾದ್ದು ಮೂರು: ಓಡಿಸಿ ಪರೀಕ್ಷಿಸಿದ್ದಾರೋ ಇಲ್ಲವೋ, ಡಬ್ಬಿ ಮತ್ತು ಪುಸ್ತಕ ಜೊತೆಗಿದೆಯೋ ಬರೀ ಕ್ಯಾಸೆಟ್ಟೋ, ಏನಾದರೂ ಊನ ಇದೆಯೋ. ಹಳೇ ಮಾಲೀಕರು ಕ್ಯಾಸೆಟ್ ಹಿಂದೆ ಪೆನ್ನಿನಲ್ಲಿ ಹೆಸರು ಬರೆದಿದ್ದರೆ ಅದಕ್ಕೂ ಬೆಲೆ ಇಳಿಯುತ್ತದೆ. ಆಡಲು ಕೊಳ್ಳುವವರಿಗೆ ಅಂಥದ್ದೇ ಲಾಭ. ಪರೀಕ್ಷೆ ಮಾಡಬಹುದೇ ಅಂತ ಕೇಳಲು “ಕೊರೆ, ತಮೆಸೆಮಾಸು ಕಾ?” ಅನ್ನಿ. ಪಾಸ್‌ಪೋರ್ಟ್ ಜೊತೆಗಿರಲಿ. ತೆರಿಗೆ ವಿನಾಯಿತಿ ಕೊಡುವ ಅಂಗಡಿಗಳಲ್ಲಿ ಪ್ರವಾಸಿಗರು ಒಂದೇ ದಿನ 5,000 ಯೆನ್ ಅಥವಾ ಅದಕ್ಕಿಂತ ಹೆಚ್ಚಿಗೆ ಕೊಂಡರೆ 10% ಉಳಿಯುತ್ತದೆ. 2026ರ ನವೆಂಬರ್ 1ರಿಂದ ಪದ್ಧತಿ ಬದಲು: ಅಂಗಡಿಯಲ್ಲಿ ತೆರಿಗೆ ಸೇರಿಸಿ ಕೊಟ್ಟು, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯಬೇಕು. ಅಲ್ಲೇ ಕೆಲಸ ಮಾಡಿಕೊಂಡಿರುವವರಿಗೆ ಈ ವಿನಾಯಿತಿ ಇಲ್ಲ.

ಏನು ಕೊಳ್ಳಬೇಕು ಅನ್ನುವುದಕ್ಕೆ ನನ್ನ ಉತ್ತರ: ಫ್ಯಾಮಿಕಾಮ್ ಕ್ಯಾಸೆಟ್. 1983ರ ಜುಲೈನಲ್ಲಿ ನಿಂಟೆಂಡೋ 14,800 ಯೆನ್‌ಗೆ ಬಿಟ್ಟ ಫ್ಯಾಮಿಕಾಮ್ ಎಂಬ ಸೆಟ್ಟಿನ ನಕಲೇ ನಮ್ಮ ಮನೆಗಳಿಗೆ ಲಿಟಲ್ ಮಾಸ್ಟರ್, ಮೀಡಿಯಾ ಮುಂತಾದ ಹೆಸರಲ್ಲಿ ಬಂದ ಟಿವಿ ಗೇಮ್. ಅಮೆರಿಕದ ನಿಂಟೆಂಡೋ ಕ್ಯಾಸೆಟ್‌ಗೆ 72 ಪಿನ್. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್, ನಮ್ಮ ಹಳದಿ ಕ್ಯಾಸೆಟ್‌ಗೂ 60 ಪಿನ್. ಅಂದರೆ ಅಟ್ಟದ ಮೇಲಿರುವ ನಿಮ್ಮ ಹಳೇ ಸೆಟ್ ಇನ್ನೂ ಜೀವಂತವಾಗಿದ್ದರೆ, ನಕಾನೊದಲ್ಲಿ ಕೊಂಡ ಅಸಲಿ ಕ್ಯಾಸೆಟ್ ಅದರಲ್ಲಿ ಕೂರುತ್ತದೆ, ಬಹುಪಾಲು ಓಡುತ್ತದೆ. ಒಂದು ವ್ಯತ್ಯಾಸ ಗಮನಿಸಿ. ನಮ್ಮ ಟಿವಿ ಸೆಕೆಂಡಿಗೆ 50 ಚಿತ್ರದ ಪದ್ಧತಿಯದು, ಜಪಾನಿನದು 60. ನಮ್ಮ ನಕಲಿ ಸೆಟ್ಟುಗಳಲ್ಲಿ ಹೆಚ್ಚಿನವು 50ರ ಲೆಕ್ಕದಲ್ಲಿ ಓಡುತ್ತಿದ್ದವು. ಹಾಗಾಗಿ ನಾವು ಆಡಿದ ಮಾರಿಯೋ ಆರನೇ ಒಂದು ಪಾಲು ನಿಧಾನ. ಟೋಕಿಯೋದಲ್ಲಿ ಅಸಲಿ ಸೆಟ್ ಸಿಕ್ಕಾಗ ಆಡಿ ನೋಡಿ. ಹಾಡೂ ಜೋರು, ಮಾರಿಯೋನ ಓಟವೂ ಜೋರು. ಕೈಗೆ ಕೂತ ಲೆಕ್ಕದಲ್ಲಿ ಹಾರಿದರೆ ಗುಂಡಿಗೆ ಬೀಳುವುದು ಗ್ಯಾರಂಟಿ.

ಕಾಂಟ್ರಾ ಇಷ್ಟಪಟ್ಟವರು 1988ರ ಜಪಾನಿ ಫ್ಯಾಮಿಕಾಮ್ ಕ್ಯಾಸೆಟ್ ಒಮ್ಮೆ ನೋಡಲೇಬೇಕು. ಅದರೊಳಗೆ ಕೊನಾಮಿ ಒಂದು ಹೆಚ್ಚುವರಿ ಚಿಪ್ ಹಾಕಿದೆ. ಮೊದಲ ಹಂತದಲ್ಲಿ ಹಿಂದಿನ ಮರಗಳ ಎಲೆ ಅಲುಗುತ್ತವೆ. ಹಿಮದ ಹಂತದಲ್ಲಿ ನಿಜವಾಗಿಯೂ ಹಿಮ ಬೀಳುತ್ತದೆ. ಹಂತಗಳ ನಡುವೆ ನಕ್ಷೆ ಬರುತ್ತದೆ. ಅಮೆರಿಕದ ಕ್ಯಾಸೆಟ್‌ನಲ್ಲಿ ಇವು ಯಾವುದೂ ಇಲ್ಲ. ಇದು ಸಂಗ್ರಹಕಾರರು ಹುಡುಕುವ ಕ್ಯಾಸೆಟ್, ಅಗ್ಗವಲ್ಲ. ಮಾತುಕತೆ ಜಾಸ್ತಿ ಇರುವ ಆಟಗಳನ್ನು, ಅಂದರೆ ಡ್ರ್ಯಾಗನ್ ಕ್ವೆಸ್ಟ್ ಥರದವನ್ನು, ಜಪಾನಿ ಬಾರದವರು ಕೊಳ್ಳಬೇಡಿ. ಚಿಲ್ಲರೆ ಬೆಲೆಗೆ ಸಿಕ್ಕರೂ ಮೊದಲ ಹಳ್ಳಿಯಿಂದ ಆಚೆ ಹೋಗಲು ಆಗುವುದಿಲ್ಲ.

ಊರಿಗೆ ತಂದ ಮೇಲೆ

ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಜಪಾನಿನ ಅಡಾಪ್ಟರನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟು ಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತರಬೇಕು, ಇಲ್ಲವೇ ಸರಿಯಾದ ಅಡಾಪ್ಟರ್ ಹುಡುಕಬೇಕು. ಫ್ಯಾಮಿಕಾಮ್ ಮತ್ತು ಅದರ ನಂತರದ ಸೆಟ್ ಆದ ಸೂಪರ್ ಫ್ಯಾಮಿಕಾಮ್ ಎರಡಕ್ಕೂ ಒಂದೇ ಅಡಾಪ್ಟರ್: 10 ವೋಲ್ಟ್ ಡಿಸಿ, 850 ಮಿಲಿಆಂಪ್, ಪಿನ್ನಿನ ಮಧ್ಯಭಾಗ ನೆಗೆಟಿವ್. ಈಗ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಮಧ್ಯಭಾಗ ಪಾಸಿಟಿವ್ ಇರುತ್ತದೆ. ಪಿನ್ ಸರಿಯಾಗಿ ಕೂತಿತು ಅಂತ ಹಾಕಿಬಿಡಬೇಡಿ, ಮೇಲೆ ಬರೆದ ಗುರುತು ನೋಡಿ.

ಕೆಂಪು ಬಿಳಿ ಬಣ್ಣದ ಮೊದಲ ಫ್ಯಾಮಿಕಾಮ್‌ಗೆ ಆ್ಯಂಟೆನಾ ವೈರಿನ ಸಂಪರ್ಕ ಮಾತ್ರ ಇದೆ. ಅದು ಜಪಾನಿನ ಚಾನೆಲ್ ಲೆಕ್ಕದ್ದು, ನಮ್ಮ ಟಿವಿಯಲ್ಲಿ ಹಿಡಿಯುವುದು ಕಷ್ಟ. 1993ರ ಕೊನೆಯಲ್ಲಿ ಬಂದ ಎವಿ ಫ್ಯಾಮಿಕಾಮ್ ಕೊಂಡರೆ ಈ ತಲೆನೋವಿಲ್ಲ. ಕೆಂಪು, ಬಿಳಿ, ಹಳದಿ ಪಿನ್ನಿನ ವೈರು ಸಾಕು. ಸೂಪರ್ ಫ್ಯಾಮಿಕಾಮ್‌ನ ವೈರೇ ಇದಕ್ಕೂ ಆಗುತ್ತದೆ.

ಗನ್ ಆಟ ಬೇಕಾದವರು ಹಳೇ ಟ್ಯೂಬ್ ಟಿವಿ ಉಳಿಸಿಕೊಳ್ಳಬೇಕು. ಗನ್ನಿನಿಂದ ಏನೂ ಹೊರಗೆ ಬರುವುದಿಲ್ಲ, ಅದರ ತುದಿಯಲ್ಲಿ ಬೆಳಕು ನೋಡುವ ಕಣ್ಣಿದೆ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಗನ್ನಿಗೆ ಆ ಬೆಳಕು ಕಂಡರೆ ಹಕ್ಕಿ ಬಿದ್ದಂತೆ. ಎಲ್‌ಸಿಡಿ ಟಿವಿ ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗನ್ ನೋಡಿ ಮುಗಿದಿರುತ್ತದೆ. ಎಷ್ಟು ಹತ್ತಿರ ಹಿಡಿದರೂ ಗುಂಡು ತಾಗುವುದಿಲ್ಲ.

ಕ್ಯಾಸೆಟ್ ಓಡದಿದ್ದರೆ ಉಫ್ ಅಂತ ಊದಬೇಡಿ. ಬಾಯಿಯ ತೇವ ತಾಮ್ರದ ಪಟ್ಟಿಗೆ ತಾಗಿ ನಿಧಾನವಾಗಿ ತುಕ್ಕು ಹಿಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ, ಪಿನ್ನುಗಳ ಮೇಲೆ ಒರೆಸಿ, ಒಣಗಿದ ಮೇಲೆ ಹಾಕಿ. ಕಪ್ಪು ಕೊಳೆ ಬರುವುದು ನಿಲ್ಲುವವರೆಗೆ ಕಡ್ಡಿ ಬದಲಿಸುತ್ತಾ ಒರೆಸಿ. ಹತ್ತರಲ್ಲಿ ಒಂಬತ್ತು ಸಲ ಇಷ್ಟೇ ಸಾಕು.

ಆಟವನ್ನು ನೆನಪಿಟ್ಟುಕೊಳ್ಳುವ ಕ್ಯಾಸೆಟ್‌ಗಳ ಒಳಗೆ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಮೂವತ್ತು ವರ್ಷ ಆದ ಮೇಲೆ ಅದು ಖಾಲಿಯಾಗಿದ್ದರೆ ಆಶ್ಚರ್ಯ ಇಲ್ಲ. ಆಟ ಓಡುತ್ತದೆ, ಆದರೆ ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಸೂಪರ್ ಫ್ಯಾಮಿಕಾಮ್ ಕ್ಯಾಸೆಟ್ ಬಿಚ್ಚಲು 3.8 ಮಿಲಿಮೀಟರ್‌ನ ವಿಶೇಷ ಸ್ಕ್ರೂಡ್ರೈವರ್ ಬೇಕು, ಅಕಿಹಬಾರಾದಲ್ಲೇ ಕೊಂಡು ತನ್ನಿ. ಬ್ಯಾಟರಿಯನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಸೋಲ್ಡರಿಂಗ್ ಬಾರದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೋರ್ಡ್ ರಿಪೇರಿ ಮಾಡುವವರ ಹತ್ತಿರ ಕೊಡಿ. ಕೊಡುವಾಗ ಹೊಸ ಬ್ಯಾಟರಿ ಲೋಹದ ಕಾಲು ಇರುವುದೇ ಆಗಬೇಕು ಅಂತ ಹೇಳಿ, ಬರೀ ಬಿಲ್ಲೆಯ ಮೇಲೆ ನೇರವಾಗಿ ಸೋಲ್ಡರ್ ಇಟ್ಟರೆ ಬಿಸಿಗೆ ಬ್ಯಾಟರಿ ಸಿಡಿಯಬಹುದು.